ಭಾನುವಾರ ಹನ್ನೊಂದಕ್ಕೆ, ಹುಳದ ಮನೆಯಲ್ಲಿ

ನನ್ನ ಗಂಡನ ಎಡಗೈ ಮುರಿದವಳು ನಾನು. ಮೇ ತಿಂಗಳ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ, ಮುದ್ದೆ ತಿರುವುವ ಕೋಲಿನಿಂದ. ಅಟ್ಟದಿಂದ ಬಿದ್ದ, ಹಸು ಒದೆಯಿತು, ಬೈಕು ಜಾರಿತು ಎಂದು ಊರಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿ, ಯಾರಿಗೆ ಯಾವುದನ್ನು ಹೇಳಿದೆವು ಎಂಬುದು ನಮಗೇ ಮರೆತುಹೋಗಿದೆ. ಇಲ್ಲಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕಾರಣ ಕೇಳಿದರೆ ನೀವು ನಗುತ್ತೀರಿ. ಮಗಳು ಆಗ ಏಳನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದಳು. ತಲೆ ಬಾಚಿಕೊಳ್ಳದೆ ಮೊಬೈಲು ಹಿಡಿದು ಕೂತಿದ್ದಳು. ಮೂರು ಸಲ ಕರೆದೆ. ನಾಲ್ಕನೇ ಸಲ ಕರೆಯುವಾಗ ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಇತ್ತ ನಾನೂ ಕುದಿಯುತ್ತಿದ್ದೆ, ಕೋಲು ಕೈಯಲ್ಲೇ ಇತ್ತು. ಅವನು ನಡುವೆ ಬಂದ. 'ಬುಡಮ್ಮಿ, ಕೂಸು ಅದು' ಎಂದ. ಯಾವಾಗ ನೋಡಿದರೂ ನಡುವೆ ಬಂದು ಹಲ್ಲು ಕಿರಿಯುವ ಚಾಳಿ ಅವನದು. ಆ ಹಲ್ಲು ಕಂಡದ್ದೇ ತಡ, ಹೊಡೆದೆ. ಒಂದೇಟಲ್ಲ. ಭುಜಕ್ಕೊಂದು, ಬೆನ್ನಿಗೊಂದು, ಮೂರನೆಯದು ಅಡ್ಡ ಹಿಡಿದ ಕೈಗೆ. ಒಣ ಪುಳ್ಳೆ ಮುರಿದಂಥ ಸದ್ದು ಬಂತು. ಕೋಲು ಮುರಿಯಿತೇನೋ ಎಂದು ನಾನು ಮೊದಲು ನೋಡಿದ್ದು ಕೋಲನ್ನು. ಅದು ನೆಟ್ಟಗಿತ್ತು.

ಕನಕಪುರದ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕುವಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, 'ಕುಡಿದು ಬಿದ್ದನೇನಮ್ಮ? ನಿನ್ನ ಮೇಲೂ ಕೈ ಮಾಡ್ತಾನಾ?' ಎಂದು ಮೆಲ್ಲಗೆ ಕೇಳಿದಳು. ಅವನು ಬೀಡಿ ಕೂಡ ಮುಟ್ಟಿದವನಲ್ಲ. ನಾನು ತಲೆ ತಗ್ಗಿಸಿ 'ಹೂಂ' ಎಂದೆ. ಆಕೆ ನನ್ನ ಬೆನ್ನು ಸವರಿದಳು. ಹೆಂಡತಿಗೆ ಹೊಡೆಯುವವನಿಗೆ ಬುದ್ಧಿ ಹೇಳಲು ಊರಲ್ಲಿ ಹತ್ತು ಜನ ಸಿಕ್ಕಾರು. ಗಂಡನಿಗೆ ಹೊಡೆಯುವವಳ ಸುದ್ದಿ ಕೇಳಿದರೆ ಜನ ನಗುತ್ತಾರೆ. ಆ ನಗುವಿನ ಮರೆಯಲ್ಲೇ ನಾನು ಹತ್ತು ಹನ್ನೆರಡು ವರ್ಷ ಕೈ ಬೀಸಿಕೊಂಡು ಬಂದಿದ್ದೆ.

ಅವನು ನನಗೆ ಬರೀ ಗಂಡನಲ್ಲ, ಸೋದರಮಾವ. ನನ್ನ ಅವ್ವನ ಖಾಸಾ ತಮ್ಮ. ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣು ಮನೆಯಲ್ಲೇ ಉಳಿಯಲಿ, ಹೊಲ ಹಂಚಿಹೋಗದಿರಲಿ ಎಂದು ಅಕ್ಕನ ಮಗಳನ್ನು ತಮ್ಮನಿಗೆ ಕೊಡುತ್ತಾರೆ. ಅವನ ತಾಯಿ ತೀರಿಕೊಂಡಾಗ ಅವನಿಗೆ ಏಳೋ ಎಂಟೋ ವರ್ಷ. ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅವ್ವ ಅವನನ್ನು ತನ್ನ ಜೊತೆಗೇ ಕರೆದೊಯ್ದಳು. ನಾನು ಹುಟ್ಟಿದಾಗ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವನು ಅವನೇ. ದೊಡ್ಡವನಾದ ಮೇಲೆ ಕನಕಪುರದ ಹತ್ತಿರದ ತನ್ನ ಊರಿಗೆ ವಾಪಸು ಬಂದು ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕತೊಡಗಿದ. ಆಮೇಲೆ ನನ್ನನ್ನು ಅವನಿಗೆ ಕಟ್ಟಿದರು. ಈಗಲೂ ನಾನು ಅವನನ್ನು ಕರೆಯುವುದು ಮಾವ ಎಂದೇ.

ಕೈ ಮುರಿದ ಮೂರನೇ ವಾರಕ್ಕೆ ಮಾವ, ಕೊರಳಿಗೆ ಕೈ ಜೋತು ಹಾಕಿಕೊಂಡೇ, ಮಗಳನ್ನು ರಾಮನಗರದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಸೇರಿಸಿ ಬಂದ. ನನಗೆ ಹೇಳಿದ್ದು ಸೇರಿಸಿದ ಮೇಲೆ. 'ಅಲ್ಲಿ ಇಸ್ಕೂಲು ಚೆನ್ನಾಗೈತೆ ಕಣಮ್ಮಿ, ಇಲ್ಲಿಂದ ಬಸ್ಸಿನ ರಗಳೆ' ಎಂದ. ಬಸ್ಸಿನ ರಗಳೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಾಯಿ ತಂದೆಯನ್ನು ಬಡಿಯುವುದನ್ನು ಮಗು ನೋಡಬಾರದು, ಅದಕ್ಕೆ ಕಳಿಸಿದ್ದಾನೆ ಎಂದು ನಾನು ತಿಳಿದುಕೊಂಡೆ. ಮಗಳಿಲ್ಲದ ಮನೆ ನನ್ನನ್ನು ಹುರಿದು ತಿಂದಿತು. ಅವಳ ರಿಬ್ಬನ್ನು, ಅವಳ ಹಲ್ಲುಜ್ಜುವ ಬ್ರಶ್ಶು, ಬಾಗಿಲ ಹಿಂದೆ ಬಿಟ್ಟುಹೋದ ಸ್ವೆಟರು, ಏನು ಕಂಡರೂ ಎತ್ತಿ, ಸೆರಗಲ್ಲಿ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆ. ಒಂದು ದಿನ ಕೇಳಿದೆ: 'ದಸರಾ ರಜಕ್ಕಾದ್ರೂ ಕರ್ಕೊಂಡು ಬತ್ತೀಯಾ?' ಅವನು ನನ್ನ ಮುಖ ನೋಡದೆ, 'ನೋಡನ, ನೀನು ಒಸಿ ನೆಟ್ಟಗಾದ್ರೆ' ಎಂದ. ನಾನು ನೆಟ್ಟಗಾಗಬೇಕಿತ್ತು. ದಸರಾಕ್ಕೆ ನಾಲ್ಕು ತಿಂಗಳಿತ್ತು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸೊಳ್ಳೆ ಬತ್ತಿ ಪ್ಯಾಕ್ ಮಾಡುವುದು ನನ್ನ ಕೆಲಸ. ಅಲ್ಲಿನ ಕ್ಯಾಂಟೀನಿನ ಗೋಡೆಗೆ ಒಂದು ಪೋಸ್ಟರು ಅಂಟಿಸಿದ್ದರು. ಮನಸ್ಸಿನ ಒತ್ತಡವೇ? ಮನೆಯಲ್ಲಿ ಸಮಸ್ಯೆಯೇ? ಮೊಬೈಲಿನಲ್ಲೇ ಆಪ್ತಸಮಾಲೋಚಕರ ಜೊತೆ ಮಾತಾಡಿ, ಆರು ಸಲ ಪುಕ್ಕಟೆ, ಯಾರಿಗೂ ತಿಳಿಯುವುದಿಲ್ಲ. ಪೋಸ್ಟರಿನಲ್ಲಿ ಒಬ್ಬ ಹುಡುಗಿ ಗಿಡದ ಪಕ್ಕ ಕೂತು ನಗುತ್ತಿದ್ದಳು. ಅವಳ ಕೆನ್ನೆಗೂ ಒಂದು ಬಿಡಬೇಕು ಅನ್ನಿಸಿತ್ತು ನನಗೆ. ಆದರೂ ಆ್ಯಪು ಇಳಿಸಿಕೊಂಡೆ. ಭಾನುವಾರ ಹನ್ನೊಂದು ಗಂಟೆಗೆ ಸಮಯ ಕೊಟ್ಟರು.

ಕೂತು ಮಾತಾಡುವುದೆಲ್ಲಿ? ನಮ್ಮೂರಲ್ಲಿ ಬಾಗಿಲು ಹಾಕಿಕೊಂಡರೆ ಪಕ್ಕದ ಮನೆಯವಳು ಕಿಟಕಿಗೆ ಬರುತ್ತಾಳೆ. ಹೊಲಕ್ಕೆ ಹೋದರೆ ದನ ಮೇಯಿಸುವವರು ಕಿವಿ ನಿಮಿರಿಸುತ್ತಾರೆ. ಯಾರೂ ಕಾಲಿಡದ ಜಾಗ ಒಂದೇ, ಹುಳದ ಮನೆ. ಹುಳ ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ರೋಗ ತಗಲುತ್ತದೆ. ಮನೆಯವರಾದರೂ ಸ್ನಾನ ಮಾಡಿ, ಚಪ್ಪಲಿ ಬಿಟ್ಟು, ಸುಣ್ಣ ತುಳಿದು ಹೋಗಬೇಕು. ನನಗಂತೂ ಇನ್ನೂ ಬಿಗಿ. ಸೊಳ್ಳೆ ಕೊಲ್ಲುವ ಪುಡಿಗೆ ಇದು ಸೊಳ್ಳೆ, ಇದು ರೇಷ್ಮೆಹುಳ ಎಂಬ ಭೇದವಿಲ್ಲ. ಕೆಲಸದಿಂದ ಬಂದವಳು ಕೊಟ್ಟಿಗೆ ಪಕ್ಕದ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಂಡು, ಕಂಪನಿಯ ನೀಲಿ ಏಪ್ರನ್ನು, ಬಟ್ಟೆ ಎಲ್ಲ ಬದಲಿಸಿ, ಆಮೇಲೆ ಮನೆಯೊಳಗೆ ಬರಬೇಕೆಂದು ನಾನು ಕೆಲಸಕ್ಕೆ ಸೇರಿದ ದಿನವೇ ಮಾವ ಹೇಳಿದ್ದ. ಅದೊಂದು ವಿಷಯದಲ್ಲಿ ಮಾತ್ರ ಅವನ ಮಾತು ನಾನು ಮೀರಿರಲಿಲ್ಲ.

ಹೀಗೆ ಭಾನುವಾರ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ಹುಳದ ತಟ್ಟೆಗಳ ಸಾಲಿನ ನಡುವೆ ಮಣೆ ಹಾಕಿಕೊಂಡು ಕೂತೆ. ಮೊಬೈಲಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಬಂದಳು, ನನಗಿಂತ ಚಿಕ್ಕವಳು. 'ಅಲ್ಲಿ ಮಳೆ ಬರ್ತಿದೆಯಾ?' ಎಂದು ಕೇಳಿದಳು.

'ಇಲ್ಲ ಮೇಡಂ, ಹುಳ ಸೊಪ್ಪು ತಿಂತಾ ಅವೆ.'

ಹುಳ ಒಟ್ಟಿಗೆ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತದೆ. ಆಕೆಗೆ ಅರ್ಥವಾಗಲಿಲ್ಲ, ಆದರೆ ತಲೆಯಾಡಿಸಿದಳು. 'ಹೇಳಿ, ಮನೆಯಲ್ಲಿ ಯಾರು ನಿಮಗೆ ಹೊಡೀತಾರೆ?'

'ಯಾರೂ ಹೊಡಿಯಲ್ಲ ಮೇಡಂ. ನಾನೇ ಹೊಡಿಯದು.'

ಪರದೆಯ ಮೇಲೆ ಆಕೆಯ ಮುಖ ಹಾಗೇ ನಿಂತಿತು. ನೆಟ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

ಆ ಮೇಡಂ ಕೆಟ್ಟವಳಲ್ಲ. ಆದರೆ ಅವಳ ಸಮಾಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು. 'ಸಿಟ್ಟು ದೇಹದಲ್ಲಿ ಮೊದಲು ಎಲ್ಲಿ ಗೊತ್ತಾಗುತ್ತೆ?' ಎಂದು ಕೇಳಿದಳು. ಇದೆಂಥ ಪ್ರಶ್ನೆ ಅನ್ನಿಸಿತು. ಯೋಚಿಸಿ ನೋಡಿದರೆ ಉತ್ತರ ಇತ್ತು. ಮೊಣಕೈಯಲ್ಲಿ. ತಲೆಗೆ ಏರುವ ಮೊದಲೇ ಮೊಣಕೈಯಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ, ಆಮೇಲೆ ಕೈಗೆ ಏನು ಸಿಕ್ಕರೂ ಸರಿ. ಚೊಂಬು, ಲಟ್ಟಣಿಗೆ, ಕುಕ್ಕರಿನ ಮುಚ್ಚಳ. ಮಗಳಿಗೆ ಮೂರು ತುಂಬಿದ ವರ್ಷ ಬಿಸಿ ಸೌಟಿನಿಂದ ಅವನ ಕಿವಿಯ ಹಿಂದೆ ಬರೆ ಬಿತ್ತು, ಅಲ್ಲಿ ಇಂದಿಗೂ ಕೂದಲು ಹುಟ್ಟುವುದಿಲ್ಲ. ಇವನ್ನೆಲ್ಲ ಆಕೆಗೆ ಹೇಳುತ್ತ ಹೋದಂತೆ, ಯಾರದೋ ಮನೆಯ ಕಥೆ ಹೇಳಿದಂತಾಯಿತು.

ಎರಡನೇ ಭಾನುವಾರ ನನ್ನ ಅವ್ವನ ಬಗ್ಗೆ ಕೇಳಿದಳು. ಅದನ್ನು ಹೇಳಲು ನನಗೆ ಏನೂ ಕಷ್ಟವಾಗಲಿಲ್ಲ, ಬಾಯಿಪಾಠ ಇದ್ದ ಹಾಗಿತ್ತು. ಕಲ್ಯದ ನಮ್ಮ ಮನೆಯ ಹಿತ್ತಲಲ್ಲಿ ಹುಣಸೆಮರವಿತ್ತು. ಅದರ ಹಸಿ ಬರಲು, ಎಂದರೆ ಬೆತ್ತದಂಥ ಕೊಂಬೆ, ಮುರಿದು ತರುವ ಕೆಲಸವನ್ನು ಅವ್ವ ಮಾವನಿಗೇ ಹಚ್ಚುತ್ತಿದ್ದಳು. ಅವನು ತಂದ ಬರಲಿನಿಂದಲೇ ಅವನಿಗೆ ಹೊಡೆಯುತ್ತಿದ್ದಳು. ಸಣ್ಣದು ತಂದರೆ ಎರಡು ಏಟು ಜಾಸ್ತಿ. ಹಾಲು ಚೆಲ್ಲಿದವಳು ನಾನಾದರೆ, ನನ್ನನ್ನು ಮೆಣಸಿನಕಾಯಿ ಹೊಗೆಗೆ ಹಿಡಿಯುತ್ತಿದ್ದಳು. ಕೆಂಡಕ್ಕೆ ಒಣಮೆಣಸಿನಕಾಯಿ ಸುರಿದು, ಜುಟ್ಟು ಹಿಡಿದು ಅದರ ಮೇಲೆ ಬಗ್ಗಿಸುವುದು. ಕಣ್ಣು ಮೂಗು ಬಾಯಿ ಎಲ್ಲ ಹತ್ತಿಕೊಂಡು ಉರಿಯುತ್ತಿತ್ತು. ಮಾವ ಓಡಿ ಬಂದು ಕೆಂಡದ ಬಾಣಲಿಯನ್ನು ಒದ್ದುಬಿಡುತ್ತಿದ್ದ. ಆಮೇಲೆ ಅವ್ವ ನನ್ನನ್ನು ಬಿಟ್ಟು ಅವನನ್ನು ಹಿಡಿದುಕೊಳ್ಳುತ್ತಿದ್ದಳು. ನಾನು ಕಣದ ಮೂಲೆಯಲ್ಲಿ ಕೆಮ್ಮುತ್ತ ಕೂತು ನೋಡುತ್ತಿದ್ದೆ. ಸದ್ಯ, ನನಗೆ ಬೀಳಲಿಲ್ಲವಲ್ಲ ಎಂದು ಹಗುರವಾಗುತ್ತಿತ್ತು.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ ಮೇಡಂ' ಎಂದೆ. 'ಆದ್ರೆ ಒಂದ್ ಹೇಳ್ತೀನಿ. ನನ್ನ ಮಗಳ ಮೈಮೇಲೆ ಇವತ್ತಿನವರ್ಗೂ ಒಂದೇಟು ಹಾಕಿಲ್ಲ. ಅಷ್ಟು ಮಾತ್ರ ನಮ್ಮವ್ವನ ಥರ ಅಲ್ಲ ನಾನು.' ಹೇಳುವಾಗ ನನಗೆ ಹೆಮ್ಮೆ ಇತ್ತು. ಮೇಡಂ ಏನನ್ನೋ ಬರೆದುಕೊಂಡಳು.

ಮೂರನೇ ಸಲ ಒಂದು ಉಪಾಯ ಕಲಿಸಿದಳು. ಮೊಣಕೈಯಲ್ಲಿ ಇರುವೆ ಹರಿದ ತಕ್ಷಣ ಆ ಜಾಗ ಬಿಡಬೇಕು. ನಿಮಗೆ ನೆಮ್ಮದಿ ಇರುವ ಕಡೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಹತ್ತು ನಿಮಿಷ ಉಸಿರು ಎಣಿಸಬೇಕು, ಕೈಗಳಿಗೆ ಏನಾದರೂ ಮೆತ್ತಗಿನ ಕೆಲಸ ಕೊಡಬೇಕು. 'ನಿಮಗೆ ನೆಮ್ಮದಿ ಎಲ್ಲಿ ಸಿಗುತ್ತೆ?' ಎಂದಳು. 'ಇಲ್ಲೇ ಮೇಡಂ, ಈ ಹುಳದ ಮನೆಯಾಗೆ' ಎಂದೆ. 'ಹಾಗಾದರೆ ಅಲ್ಲಿಗೇ ಹೋಗಿ' ಎಂದಳು. ಆಕೆಯ ತಪ್ಪೇನೂ ಇಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಆಕೆಗೆ ಗೊತ್ತಿತ್ತು, ಹುಳ ಸಾಕುತ್ತೇವೆಂದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಬೇಕಾದವಳು ನಾನಾಗಿದ್ದೆ.

ಜುಲೈ, ಆಗಸ್ಟು ಕಳೆಯಿತು. ನಡುವೆ ಒಮ್ಮೆ ಚೊಂಬು ಎಸೆದೆ, ಅದು ಬೇಕೆಂದೇ ಗೋಡೆಗೆ. ಇನ್ನೊಮ್ಮೆ ಅವನ ಅಂಗಿಯ ಕಾಲರು ಹಿಡಿದು ಕಂಬಕ್ಕೆ ಒತ್ತಿದೆ, ಅಷ್ಟಕ್ಕೇ ಬಿಟ್ಟೆ. ರಜಾ ದಿನಗಳಲ್ಲಿ ಸಿಟ್ಟು ಬಂದರೆ ಹುಳದ ಮನೆಗೆ ಓಡುತ್ತಿದ್ದೆ, ಸೊಪ್ಪು ಹರಡುತ್ತಿದ್ದೆ, ಉಸಿರು ಎಣಿಸುತ್ತಿದ್ದೆ. ಮಾವ ಇದನ್ನೆಲ್ಲ ನೋಡಿಯೂ ನೋಡದವನ ಹಾಗಿದ್ದ. ಪ್ಲಾಸ್ಟರು ಬಿಚ್ಚಿದ್ದರು, ಆದರೆ ಆ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನಾನು ಮಗಳಿಗೆ ಹೊಸ ಲಂಗ ಹೊಲಿಸಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹಾಗೆ ಅನ್ನುವವರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವ ಮೊದಲು ತಿನ್ನದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಹುಳ ಬಕಾಸುರನ ಹಾಗೆ ತಿಂದು, ವಾರದೊಳಗೆ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತದೆ. ಹೊಂಗನೂರಿನ ಕಡೆಯಿಂದ ಮಾವ ಮರಿಹುಳ ತಂದಿದ್ದ. ಈ ಸಲ ಒಂದು ಹುಳವೂ ಕಾಯಿಲೆ ಬಿದ್ದಿರಲಿಲ್ಲ. ಬೆರಳಿನಷ್ಟು ದಪ್ಪವಾಗಿ, ಹಾಲಿನಂತೆ ಬೆಳ್ಳಗಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗುತ್ತಿದ್ದವು.

ಅಂದು ಸಂಜೆ ಕಂಪನಿಯ ವ್ಯಾನಿನಲ್ಲಿ ಬರುವಾಗ ಹಾಸ್ಟೆಲ್ಲಿನ ವಾರ್ಡನ್ ಫೋನು ಮಾಡಿದಳು. 'ದಸರಾ ರಜಕ್ಕೆ ಉಳಿಯುವ ಮಕ್ಕಳ ಪಟ್ಟಿ ಮಾಡ್ತಾ ಇದ್ದೀವಿ. ನಿಮ್ಮ ಯಜಮಾನ್ರು ಮಗಳು ಇಲ್ಲೇ ಇರ್ತಾಳೆ ಅಂತ ಬರೆದುಕೊಟ್ಟು ಹೋಗಿದ್ದಾರೆ. ನಿಮ್ಮದೂ ಒಪ್ಪಿಗೆ ಬೇಕು' ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಪಕ್ಕದಲ್ಲಿ ಕೂತವಳು ನನ್ನ ಕೈ ನೋಡಿ ಸರಿದು ಕೂತದ್ದು ನೆನಪಿದೆ.

ವ್ಯಾನಿಳಿದವಳು ಬಚ್ಚಲಿಗೆ ಹೋಗಲಿಲ್ಲ. ಮಾವ ಅಂಗಳದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಸೊಪ್ಪು ಕೊಯ್ಯುವ ಕುಡುಗೋಲು ಜಗಲಿಯ ಮೇಲಿತ್ತು. ಅದು ನನ್ನ ಕೈಗೆ ಯಾವಾಗ ಬಂತೋ.

'ಯಾಕ್ ಬರ್ಕೊಟ್ಟೆ? ಹೇಳು, ಯಾಕ್ ಬರ್ಕೊಟ್ಟೆ?'

'ಅಮ್ಮಿ, ಕುಡ್ಲು ಮಡಗು.'

'ನಾಲ್ಕು ತಿಂಗ್ಳಿಂದ ನಾಯಿ ಥರ ಬಿದ್ದಿವ್ನಿ ನಿನ್ನ ಮುಂದೆ! ಒಂದೇಟು ಹೊಡ್ದಿವ್ನಾ? ಹೊಡ್ದಿವ್ನಾ ಹೇಳು!'

ಅವನು ಎಡಗೈ ಎತ್ತಲು ನೋಡಿದ, ಅದು ಅರ್ಧಕ್ಕೆ ನಿಂತಿತು. ಅವನ ಕುತ್ತಿಗೆಯ ನರ ನನಗೆ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಗೇ ಹಾಕಬೇಕು ಎಂದು ನನ್ನ ಕೈ ಗುರಿ ಮಾಡಿಕೊಂಡಿತ್ತು. ಇದನ್ನು ಬರೆಯುವಾಗ ನನಗೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚು. ಆ ಹೊತ್ತಿನಲ್ಲಿ ಮೇಡಂ ಮಾತು ಹೇಗೆ ನೆನಪಾಯಿತೋ ದೇವರೇ ಬಲ್ಲ. ತಿರುಗಿ ಓಡಿದೆ. ಕುಡುಗೋಲು ಹಿಡಿದುಕೊಂಡೇ ಹುಳದ ಮನೆಗೆ ನುಗ್ಗಿ ಚಿಲಕ ಹಾಕಿಕೊಂಡೆ.

ಒಳಗೆ ಒದ್ದೆ ಗೋಣಿ ಹೊದಿಸಿದ ಸೊಪ್ಪಿನ ರಾಶಿ ಇತ್ತು. ಅದರ ಮೇಲೆ ಕುಸಿದು ಕೂತೆ. ಉಸಿರು ಎಣಿಸಿದೆ. ಹತ್ತಕ್ಕೆ ಆಗಲಿಲ್ಲ, ಮತ್ತೆ ಒಂದರಿಂದ ಎಣಿಸಿದೆ. ಕೈಗಳಿಗೆ ಕೆಲಸ ಕೊಡಬೇಕೆಂದಿದ್ದಳಲ್ಲ, ಗೋಣಿ ಸರಿಸಿ ಎರಡೂ ಕೈ ತುಂಬ ಸೊಪ್ಪು ಎತ್ತಿ ಹುಳಕ್ಕೆ ಹರಡಿದೆ. ಮೇಲಿನ ತಟ್ಟೆಗೆ, ನಡುವಿನದಕ್ಕೆ, ಕೆಳಗಿನದಕ್ಕೆ, ಒಂದನ್ನೂ ಬಿಡದೆ. ಹುಳಗಳು ತಲೆಯೆತ್ತಿ ತಿನ್ನತೊಡಗಿದವು. ನೆಲಕ್ಕೆ ಹಾಕಿದ್ದ ಕುಡುಗೋಲನ್ನು ಎತ್ತಿ ಗೋಡೆಗೆ ಒರಗಿಸಿ ಹೊರಗೆ ಬಂದೆ. ಮಾವ ಅದೇ ಜಾಗದಲ್ಲಿ ನಿಂತಿದ್ದ. ಸ್ನಾನ ಮಾಡಿ, ಅಡುಗೆ ಮಾಡಿ, ಇಬ್ಬರಿಗೂ ಬಡಿಸಿದೆ. ಗೆದ್ದೆ ಅನ್ನಿಸಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ಕೈಯನ್ನು ನಾನೇ ಸೋಲಿಸಿದ್ದೆ. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಎದ್ದಾಗ ಮಾವ ಹುಳದ ಮನೆಯ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂತಿದ್ದ. ಹೊಸ್ತಿಲ ಮೇಲೆ ಕೂರುವವನಲ್ಲ ಅವನು. ಒಳಗೆ ನೋಡಿದೆ. ಹುಳಗಳು ಹಸಿರು ನೀರು ಕಕ್ಕುತ್ತಿದ್ದವು. ಕೆಲವು ತಲೆಯನ್ನು ಅತ್ತಿಂದಿತ್ತ ಬಡಿದುಕೊಳ್ಳುತ್ತಿದ್ದವು. ಕೆಲವು ಮೈ ಹಿಂಡಿಕೊಂಡು ಅರ್ಧಕ್ಕರ್ಧ ಕುಗ್ಗಿದ್ದವು. ತಟ್ಟೆಯಿಂದ ಉದುರಿ ನೆಲದ ತುಂಬ ಹೊರಳಾಡುತ್ತಿದ್ದವು. ಕಾಲಿಡಲು ಜಾಗವಿರಲಿಲ್ಲ. ನನ್ನ ನೀಲಿ ಏಪ್ರನ್ನು, ಅದರ ಮೇಲಿನ ಪುಡಿ, ನನ್ನ ಎರಡು ಕೈ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದು ನಾನು ಅಲ್ಲೇ ಕಂಬ ಹಿಡಿದುಕೊಂಡೆ. ಸಾವಿರಾರು ಜೀವ. ಒಂದಕ್ಕೂ ಬಾಯಿಲ್ಲ.

'ನಾನು ತೊಳ್ಕೊಂಡಿರ್ಲಿಲ್ಲ ಮಾವ' ಎಂದೆ.

'ಗೊತ್ತು ಕಣಮ್ಮಿ.'

'ಯಾವಾಗ ಗೊತ್ತಾಯ್ತು?'

'ನೀನು ಒಳೀಕೆ ಹೋದಾಗ್ಲೇ.'

'ಮತ್ತೆ ಯಾಕೆ ಬಾಗ್ಲು ಬಡೀಲಿಲ್ಲ? ಒಂದು ಮಾತು ಕೂಗಿದ್ರೆ ಆಗ್ತಿರ್ಲಿಲ್ವಾ?'

ಅವನು ನೆಲ ನೋಡುತ್ತ ಹೇಳಿದ: 'ಬಡ್ದಿದ್ರೆ ನೀನು ಆಚೆ ಬತ್ತಿದ್ದೆ. ಕೈಯಾಗೆ ಕುಡ್ಲಿತ್ತು.'

ಇಬ್ಬರೂ ಸೇರಿ ಹುಳವನ್ನು ಮಂಕರಿಗೆ ತುಂಬಿ ಗೊಬ್ಬರದ ಗುಂಡಿಗೆ ಸುರಿದೆವು. ಅವನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ಇನ್ನೂ ಜೀವವಿದ್ದವು ಕಾಗೆಗಳ ಬಾಯಲ್ಲಿ ಮಿಸುಕುತ್ತಿದ್ದವು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮಜ್ಜಿ, ಅಪ್ಪನ ತಾಯಿ, ಹೇಳುತ್ತಿದ್ದಳು. ಮೂಗು ಉಳಿಯಲೆಂದು ಕೈ ಕಟ್ಟಿಕೊಂಡರೂ ಹೀಗಾಯಿತಲ್ಲ, ಇದಕ್ಕೆ ಅವಳು ಏನು ಹೇಳುತ್ತಿದ್ದಳೋ.

ಬೆಳೆ ಹೋದ ಸುದ್ದಿ ಕಲ್ಯ ಮುಟ್ಟಲು ಎರಡು ದಿನ ಸಾಕಾಯಿತು. ಅವ್ವ ಬಂದಳು. ವಯಸ್ಸು ಎಪ್ಪತ್ತರ ಮೇಲಾಯಿತು, ಆದರೂ ಮಾಗಡಿಯಿಂದ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಳು. ನೀರು ಕೂಡ ಕುಡಿಯಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಕಡ್ಡಿ ಪೊರಕೆ ಎತ್ತಿಕೊಂಡಳು.

'ಏನ್ಲಾ ಬಡ್ಡೆತ್ತದೇ, ನಿನ್ ಯೋಗ್ತೆಗೆ ಹುಳ ಬ್ಯಾರೆ ಕೇಡು! ಅಪ್ಪ ಮಾಡಿದ್ ಹೊಲ ತಿಂದ್ಬುಟ್ಟು ಕುಂತಿದ್ದೀಯಾ?' ಎಂದು ಅವನ ತಲೆಗೆ, ಬೆನ್ನಿಗೆ ಬಾರಿಸತೊಡಗಿದಳು.

ಐವತ್ತು ದಾಟಿದ ಗಂಡಸು. ಮೀಸೆ ನರೆತಿದೆ. ತಪ್ಪಿಸಿಕೊಳ್ಳಬಹುದಿತ್ತು, ಪೊರಕೆ ಕಿತ್ತುಕೊಳ್ಳಬಹುದಿತ್ತು. ಅವನು ಎರಡೂ ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತು, ಒಳ್ಳೆಯ ಕೈಯಿಂದ ಒಂದು ಕಿವಿ ಮುಚ್ಚಿಕೊಂಡು, ತಲೆ ತಗ್ಗಿಸಿದ. ಹುಳ ಸತ್ತದ್ದು ನನ್ನಿಂದ ಎಂದು ಹೇಳಲಿಲ್ಲ. ನನ್ನ ಕೈಯ ಏಟು ತಿನ್ನುವಾಗಲೂ ಅವನು ಹೀಗೇ ಕೂರುತ್ತಾನೆ. ಆದರೆ ಬೇರೆಯವರ ಕೈಯಲ್ಲಿ ಅವನು ಏಟು ತಿನ್ನುವುದನ್ನು ನಾನು ದೂರ ನಿಂತು ನೋಡಿ ಎಷ್ಟೋ ವರ್ಷವಾಗಿತ್ತು. ಪೊರಕೆ ಬೀಸುವಾಗ ಅವ್ವನ ಕೆಳದುಟಿ ಒಳಗೆ ಮಡಚಿಕೊಳ್ಳುತ್ತಿತ್ತು. ನನ್ನದೂ ಹಾಗೇ ಆಗುತ್ತದೆಂದು ಮಗಳು ಒಮ್ಮೆ ಹೇಳಿದ್ದಳು.

ಹೋಗಿ ಅವ್ವನ ಮಣಿಕಟ್ಟು ಹಿಡಿದೆ. ತಿರುಚಿದೆ. ಗಾಜಿನ ಬಳೆಗಳು ಚಟಚಟ ಒಡೆದು ಅವಳ ಚರ್ಮಕ್ಕೂ ನನ್ನ ಅಂಗೈಗೂ ನಾಟಿದವು, ರಕ್ತ ಬಂತು. ಪೊರಕೆ ಬಿತ್ತು. ನಾನು ಬಿಡಲಿಲ್ಲ. ಇನ್ನೂ ತಿರುಚಿದೆ. ಸುಖವಾಯಿತು. ಎಷ್ಟೋ ವರ್ಷದಿಂದ ಕಾದು ಕೂತಿದ್ದ ಏಟು ಸರಿಯಾದ ವಿಳಾಸಕ್ಕೆ ಹೊರಟಿದೆ ಅನ್ನಿಸಿತು. ಅವ್ವ ಮೊದಲ ಸಲ ನನ್ನ ಕಣ್ಣು ನೋಡಿ ಹೆದರಿದಳು. ಇನ್ನೊಂದು ಕೈ ಎತ್ತಿ ಅವಳ ಮುಖಕ್ಕೆ ಬೀಸಿದೆ. ಅಷ್ಟರಲ್ಲಿ ಮಾವ ಎದ್ದು ನಡುವೆ ನಿಂತಿದ್ದ. ಏಟು ಅವನ ಮುರಿದ ಕೈಗೇ ಬಿತ್ತು. 'ಬುಡಮ್ಮಿ, ವಯಸ್ಸಾಗೈತೆ ಅದ್ಕೆ' ಎಂದು ನೋವಿನಲ್ಲಿ ಬಗ್ಗಿದ. ಅವ್ವ ಸೆರಗು ಸುತ್ತಿಕೊಂಡ ಕೈಯಲ್ಲೇ ಬಸ್ಸು ಹತ್ತಿ ಹೋದಳು.

ಮುಂದಿನ ಭಾನುವಾರ ಮೇಡಂಗೆ ಎಲ್ಲವನ್ನೂ ಹೇಳಿದೆ. ಖಾಲಿ ಹುಳದ ಮನೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳುತ್ತಿತ್ತು. ಹೊಡೆದೆ ಎಂದೆ, ಹುಳ ಕೊಂದೆ ಎಂದೆ, ಮಗಳನ್ನು ರಜಕ್ಕೂ ಕೊಡುತ್ತಿಲ್ಲ ಎಂದು ಅತ್ತೆ. ಆಕೆ, 'ಅವರು ಒಪ್ಪಿದರೆ ನಾನು ಅವರ ಜೊತೆ ಒಂದು ಮಾತು ಆಡಬಹುದಾ?' ಎಂದಳು.

ಮಾವ ಕಾಲು ತೊಳೆದುಕೊಂಡು, ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ತೊಟ್ಟು ಬಂದ. ಮೊಬೈಲಿನ ಮುಂದೆ ಕೈ ಮುಗಿದ. ನಾನು ಎದ್ದು ಹೊರಟರೆ, 'ಕುಂತ್ಕೊ' ಎಂದ.

'ಹೇಗಿದ್ದೀರಿ?' ಎಂದಳು ಮೇಡಂ.

'ಚೆಂದಾಗಿವ್ನಿ ತಾಯಿ. ನಮ್ಮುಡ್ಗಿ ಒಳ್ಳೇಳು. ಒಸಿ ಮುಂಗೋಪ.'

'ಅವರು ಹೊಡೆಯುವಾಗ ನೀವು ಯಾಕೆ ಅಲ್ಲಿಂದ ಹೋಗಿಬಿಡಲ್ಲ?'

ಅವನನ್ನು ಯಾರೂ ಏನನ್ನೂ ಹೀಗೆ ಕೇಳಿದ್ದಿಲ್ಲ. ಹೊಲದ ಕೆಲಸದ ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

'ನಾನು ಹೋದ್ರೆ ಕೂಸಿಗೆ ಬೀಳ್ತದಲ್ಲ ತಾಯಿ. ಇವ್ಳು ಕೈ ಎತ್ತದು ನನ್ ಮ್ಯಾಲಲ್ಲ. ಎತ್ತದು ಕೂಸಿನ ಮ್ಯಾಲೆ. ನಾನು ಅಡ್ಡ ಬಂದು ಒಸಿ ನಕ್ಬುಟ್ರೆ ನನ್ ಕಡೀಕೆ ತಿರಿಕತ್ತದೆ. ಇವ್ಳು ಚಿಕ್ಕೋಳಾಗಿದ್ದಾಗ ನಮ್ಮಕ್ಕನ್ ಹತ್ರ ಮಾಡ್ತಿದ್ನಲ್ಲ, ಹಂಗೇಯ. ನಂಗೆ ಅಭ್ಯಾಸ. ಈಗ ಕೈ ಮುರ್ದೋಯ್ತು. ಮೊದ್ಲಿನಂಗೆ ಬಿರ್ನೆ ಅಡ್ಡ ನಿಂತ್ಕಳಕ್ಕಾಗಕ್ಕಿಲ್ಲ. ಅದ್ಕೇ ಮಗೀನ ಹಾಸ್ಟೆಲ್ಗೆ ಬುಟ್ಟು ಬಂದೆ.'

ಮೇಡಂ ನನ್ನ ಹೆಸರು ಹಿಡಿದು ಎರಡು ಸಲ ಕರೆದಳಂತೆ. ನನಗೆ ಕೇಳಿಸಲಿಲ್ಲ. ಹತ್ತು ಹನ್ನೆರಡು ವರ್ಷದ ಒಂದೊಂದು ಏಟನ್ನೂ ತೆಗೆದು ನೋಡುತ್ತಿದ್ದೆ. ತಲೆ ಬಾಚಿಕೊಳ್ಳದ ಮಗಳು, ಊಟ ಬಿಟ್ಟ ಮಗಳು, ಲೆಕ್ಕ ತಪ್ಪಿದ ಮಗಳು, ಹಾಲು ಚೆಲ್ಲಿದ ಮಗಳು. ಪ್ರತಿ ಸಲವೂ ಅವಳ ಮುಂದೆ ಅವನ ಹಲ್ಲು ಕಿರಿದ ಮುಖ ಬಂದು ನಿಂತಿತ್ತು. ನನ್ನ ಮಗಳಿಗೆ ಒಂದೇಟೂ ಹಾಕಿಲ್ಲ ಎಂದು ನಾನು ಹೆಮ್ಮೆ ಪಟ್ಟಿದ್ದೆನಲ್ಲ, ಅದು ನನ್ನ ಗುಣವಾಗಿರಲಿಲ್ಲ. ಅವನ ಮೈ ಆಗಿತ್ತು.

'ಮಾವ,' ಎಂದೆ, 'ಅವ್ಳನ್ನ ರಜಕ್ಕೆ ಕರ್ಕೊಂಡು ಬರ್ಬ್ಯಾಡ.' ಅವನು ನನ್ನ ಮುಖ ನೋಡಿದ. ವಾರ್ಡನ್‌ಗೆ ನಾನೇ ಫೋನು ಮಾಡಿ ಒಪ್ಪಿಗೆ ಕೊಟ್ಟೆ. ಆರು ಸಲ ಮುಗಿದ ಮೇಲೂ ಬಿಡಬೇಡಿ ಎಂದು ಮೇಡಂ ಹೇಳಿದಳು. ಬಿಟ್ಟಿಲ್ಲ.

ದಸರಾ ರಜೆ ಶುರುವಾದ ಮೊದಲ ಭಾನುವಾರ ಇಬ್ಬರೂ ರಾಮನಗರಕ್ಕೆ ಹೋದೆವು. ಉಳಿದ ಮಕ್ಕಳೆಲ್ಲ ಪೆಟ್ಟಿಗೆ ಹಿಡಿದು ಅಪ್ಪ ಅಮ್ಮನ ಜೊತೆ ಹೊರಡುತ್ತಿದ್ದರು. ಮಗಳು ಹಾಸ್ಟೆಲ್ಲಿನ ಜಗಲಿಯ ಮೇಲೆ ನನ್ನಿಂದ ಒಂದು ಮೊಳ ದೂರ ಕೂತಳು. ನಾಲ್ಕು ತಿಂಗಳಲ್ಲಿ ಉದ್ದವಾಗಿದ್ದಳು. ಮಾವ ಗೇಟಿನ ಹೊರಗೆ ಬಾಳೆಹಣ್ಣಿನ ಗಾಡಿಯವನ ಜೊತೆ ಏನೋ ಮಾತಾಡುತ್ತಿದ್ದ.

'ನನ್ನ ಯಾವತ್ತು ಕರ್ಕೊಂಡ್ ಹೋಗ್ತೀಯವ್ವ?'

ಸುಳ್ಳು ಹೇಳಬಹುದಿತ್ತು. ಪರೀಕ್ಷೆ ಇದೆ, ಬಸ್ಸಿನ ರಗಳೆ, ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ, ಹೀಗೆ ಏನಾದರೂ. 'ಈಗಲೇ ಬ್ಯಾಡ ಕಣವ್ವ' ಎಂದೆ. 'ನನ್ನ ಕೈ ಇನ್ನೂ ನನ್ನ ಮಾತು ಕೇಳ್ತಿಲ್ಲ. ಕೇಳೋವರ್ಗೂ ನೀನು ಇಲ್ಲೇ ಇರದು ಒಳ್ಳೇದು.'

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಮಡಿಲಲ್ಲಿದ್ದ ನನ್ನ ಕೈಗಳನ್ನು ನೋಡಿದಳು. ಆಮೇಲೆ ಗೇಟಿನ ಕಡೆ ತಿರುಗಿ, ಸೋತ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಾಳೆಹಣ್ಣಿನ ಚಿಪ್ಪು ಹಿಡಿದು ಬರುತ್ತಿದ್ದ ಅಪ್ಪನನ್ನು ನೋಡಿದಳು. ಇದು ಹೆಣ್ಣುಮಕ್ಕಳ ಹಾಸ್ಟೆಲ್ಲು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

'ಹಂಗಾದ್ರೆ,' ಎಂದಳು, 'ಅಪ್ಪನ್ನೂ ಇಲ್ಲೇ ಬುಟ್ಟೋಗು.'